ವಿಭೂತಿ ಬಳಿದ ಕಂಪ್ಯೂಟರು

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ತಮ್ಮನ ಮಗ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಬಂದವನೇ ಕಂಪ್ಯೂಟರಿಗೆ ವಿಭೂತಿ ಬಳಿದು ಊದಿನಕಡ್ಡಿ ಬೆಳಗುತ್ತಾನೆ. ಅಷ್ಟು ಭಕ್ತಿ! ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಆ ಯಂತ್ರ ತನ್ನೊಳಗಿನ ಫೈಲುಗಳನ್ನು ತಾನೇ ತಪಾಸಣೆ ಮಾಡಿ ಸರಿಪಡಿಸಿಕೊಳ್ಳಲು ಹೊರಟರೆ, ಒಂದು ಬಟನ್ ಒತ್ತಿ ಅದರ ಬಾಯಿ ಮುಚ್ಚಿಸುತ್ತಾನೆ.

ಮೊಮ್ಮಗಳ ಲಗ್ನಪತ್ರಿಕೆ ತರಲು ನಾನು ಕುರುಗೋಡಿನಿಂದ ಹೋದ ದಿನವೂ ಕರೆಂಟು ಹೋಗಿ ಬಂತು. ಇವನು ಬಟನ್ ಒತ್ತಿದ. ಪತ್ರಿಕೆಯ ಫೈಲು ತೆರೆಯಲೇ ಇಲ್ಲ. ಸಂಜೆಯೊಳಗೆ ಪತ್ರಿಕೆಗಳು ಸಿರುಗುಪ್ಪದ ಬೀಗರ ಕೈ ಸೇರಬೇಕಿತ್ತು.

“ಅತ್ತಿ, ಫೈಲು ಕೆಟ್ಟೈತಿ,” ಎಂದ, ಮುಖ ಸಣ್ಣದು ಮಾಡಿಕೊಂಡು.

“ತಪಾಸಣಿ ಮಾಡ್ಕೋತೀನಿ ಅಂತ ಅದು ದಿನಾ ಬಡ್ಕೊಂತಿತ್ತಲ್ಲಲೇ?”

“ಭಾಳ ಹೊತ್ತು ಹಿಡಿತೈತಿ. ಅಲ್ಲೀತನ ಗಿರಾಕಿ ಕಾಯ್ತಾರೇನು?”

“ಬೀಗರು ಕಾಯ್ತಾರೇನು? ಬಂದ್ ಮಾಡಿ ಮತ್ತ ಚಾಲೂ ಮಾಡು.”

ಮಾಡಿದ. ಪರದೆಯ ಮೇಲೆ ತಪಾಸಣೆಯ ಮಾತು ಬಂದದ್ದೇ ತಡ, ಅವನ ಬೆರಳು ರೂಢಿಯಂತೆ ಮತ್ತೆ ಬಟನ್ ಕಡೆ ಓಡಿತು. ಆ ಕೈಯ ಮೇಲೆ ಒಂದೇಟು ಕೊಟ್ಟೆ. ನಿಂತಿದ್ದ ಗಿರಾಕಿಗಳು ನಕ್ಕರು, ಕಾದರು, ಯಾರೂ ಸಾಯಲಿಲ್ಲ. ಯಂತ್ರ ನಿಧಾನಕ್ಕೆ ತನ್ನ ಕೆಲಸ ಮುಗಿಸಿತು. ಪತ್ರಿಕೆ ತೆರೆಯಿತು.

ಭಕ್ತ ಊದಿನಕಡ್ಡಿಗೆ ಕೈ ಹಾಕಿದ.

“ಅದನ್ನ ಅಲ್ಲಿಡು. ಮೊದ್ಲು ಅಚ್ಚು ಹಾಕು, ಸಿರುಗುಪ್ಪದ ಬಸ್ಸು ನಿನ್ನ ಪೂಜಿ ಮುಗಿಯಾತನ ನಿಲ್ಲಂಗಿಲ್ಲ,” ಎಂದೆ.