ಜಂಪಣ್ಣನ ಕೆಂಪು ಬಣ್ಣ

ತಬಸ್ಸುಮ್ ಚಳ್ಳಕೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ತಂದೆ ದಾದಾಪೀರ್ ಲಾರಿ ಮೆಕ್ಯಾನಿಕ್. ಹೋದ ವರ್ಷ ಗೆಳತಿಯ ಮದುವೆಗೆ ಸೀರೆ ತರಲೆಂದು ಮೊಳಕಾಲ್ಮೂರಿಗೆ ಹೋದವಳು, ರೇಷ್ಮೆಗೆ ಬಣ್ಣ ಹಾಕುವ ಜಂಪಣ್ಣನ ಕೈ ಕಂಡು ಸೀರೆಯನ್ನೇ ಮರೆತಳು. ಅಂಗೈ ತುಂಬ ಬಿರುಕು.

"ಮುಲಾಮು ಹಚ್ಚಿದ್ರೆ ವಾಸಿಯಾಗ್ತೈತೆ ಮೇಡಂ. ಈ ಕೆಂಪು ಮುಟ್ಟಿದ್ರೆ ಮತ್ತೆ ಬರ್ತೈತೆ" ಎಂದ ಜಂಪಣ್ಣ. ಅವನ ಹೆಂಡತಿ ಯರ್ರಮ್ಮ ಬಣ್ಣದ ಪೊಟ್ಟಣ ತಂದಳು. ಅದರ ಮೇಲೆ ಒಳಗೇನಿದೆ ಎಂದು ತಿಳಿಸುವ ಒಂದಕ್ಷರವೂ ಇರಲಿಲ್ಲ.

"ಚೂರು ಪುಡಿ ಕೊಡ್ರಿ, ಪರೀಕ್ಷೆ ಮಾಡಿಸ್ತೀನಿ" ಎಂದಳು ತಬಸ್ಸುಮ್.

ದೊಡ್ಡಉಳ್ಳಾರ್ತಿ ಬಳಿಯ ಪ್ರಯೋಗಾಲಯದಲ್ಲಿದ್ದ ಸಹಪಾಠಿ ದಾಕ್ಷಾಯಿಣಿ, ಪುಡಿ ಪರೀಕ್ಷಿಸಿ ಅಣುವಿನ ರಚನೆ ಬರೆದುಕೊಟ್ಟಳು. ತಬಸ್ಸುಮ್ ಆ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿ, ಇದರ ಬಗ್ಗೆ ಗೊತ್ತಿದ್ದವರು ತಿಳಿಸಿ ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ.

"ಕಂಪ್ಯೂಟರಿಗೆ ಅದು ಬರೀ ಗೆರೆ ಕಣೇ" ಎಂದಳು ದಾಕ್ಷಾಯಿಣಿ. "ಅದು ಓದೋ ಹಾಗೆ ಬರಿ."

ಹಾಗೆ ಬರೆಯುವುದಕ್ಕೆಂದೇ ಸಿಎಂಎಲ್, ಅಂದರೆ ಕೆಮಿಕಲ್ ಮಾರ್ಕಪ್ ಲ್ಯಾಂಗ್ವೇಜ್ ಎಂಬ ಕಂಪ್ಯೂಟರ್ ಭಾಷೆಯಿತ್ತು. ಪ್ರತಿ ಪರಮಾಣುವಿಗೂ ಒಂದು ಗುರುತು, ಯಾವುದು ಯಾವುದಕ್ಕೆ ಕೂಡಿದೆ ಎಂಬುದಕ್ಕೆ ಇನ್ನೊಂದು. ತಬಸ್ಸುಮ್ ಕಲಿಯತೊಡಗಿದಳು.

"ಏನು ಬೇಟಿ ಇದು?" ಎಂದು ದಾದಾಪೀರ್ ಪರದೆಗೆ ಬಗ್ಗಿದರು.

"ಎಂಜಿನ್ ಬಿಚ್ಚಿದಾಗ ಒಂದೊಂದು ಪಾರ್ಟಿಗೂ ಗುರುತು ಹಾಕ್ತೀರಲ್ಲ ಅಬ್ಬಾ, ಹಂಗೆ. ಗುರುತು ನೋಡಿ ಎಲ್ಲಿದ್ದವರಾದ್ರೂ ಮತ್ತೆ ಜೋಡಿಸಬಹುದು."

ಮೊದಲ ಸಲ ಸಾರಜನಕಕ್ಕೆ ಒಂದು ಬಂಧ ಹೆಚ್ಚಾಗಿ ಬಿದ್ದು, ತಂತ್ರಾಂಶ ಒಪ್ಪಲೇ ಇಲ್ಲ. ರಜೆಯಿಡೀ ಕೂತು ತಿದ್ದಿ, ಅಣುವಿನ ಜೊತೆಗೆ ಜಂಪಣ್ಣನ ಕೈಯ ತೊಂದರೆಯನ್ನೂ ಗುರುತು ಹಾಕಿ ಬರೆದು, ಎಲ್ಲರಿಗೂ ತೆರೆದಿದ್ದ ಸಂಗ್ರಹವೊಂದಕ್ಕೆ ಸೇರಿಸಿದಳು.

ತಿಂಗಳೊಳಗೆ ತಮಿಳುನಾಡಿನ ಸಂಶೋಧಕಿಯೊಬ್ಬಳು ಬರೆದಳು. ಚರ್ಮಕ್ಕೆ ತೊಂದರೆ ಕೊಡುವ ಬಣ್ಣಗಳನ್ನು ಹುಡುಕುವ ಅವಳ ತಂತ್ರಾಂಶ ತಾನಾಗಿಯೇ ಈ ಅಣುವನ್ನು ಹೆಕ್ಕಿತ್ತು. ಅವರ ಕಡೆಯೂ ಇದೇ ಬಣ್ಣದಿಂದ ಹಲವರ ಕೈ ಕೆಟ್ಟಿತ್ತು. ಅದರ ಬದಲು ಬಳಸಬಹುದಾದ ಇನ್ನೊಂದು ಕೆಂಪನ್ನೂ ಅವಳು ಸೂಚಿಸಿದ್ದಳು.

ತಬಸ್ಸುಮ್ ಆ ಹೊಸ ಕೆಂಪನ್ನು ತಂದುಕೊಟ್ಟಾಗ ಜಂಪಣ್ಣನಿಗೆ ನಂಬಿಕೆಯಿರಲಿಲ್ಲ. "ರೇಷ್ಮೆಗೆ ಹಿಡೀತೈತಾ?" ಎಂದು ಗೊಣಗುತ್ತಲೇ ಕೈಗವಸು ಹಾಕಿ ಒಂದು ಲಡಿ ನೂಲು ಅದ್ದಿದ. ಬಣ್ಣ ಹಿಡಿಯಿತು, ತುಸು ಗಾಢವಾಗಿ. ಯರ್ರಮ್ಮನಿಗೆ ಅದೇ ಚೆಂದ ಕಂಡಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಅಂಗೈಯ ಬಿರುಕುಗಳು ಮುಚ್ಚಿದ್ದವು. ಬಹಳ ದಿನಗಳ ಮೇಲೆ ಜಂಪಣ್ಣ ಖಾರದ ಸಾರು ಮುದ್ದೆಯನ್ನು ಚಮಚವಿಲ್ಲದೆ ಉಂಡ. ಈಗ ಅವನ ಓಣಿಯವರು ಹಳದಿ, ಹಸಿರು ಪುಡಿಗಳನ್ನೂ ಚಳ್ಳಕೆರೆ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದಾರೆ. ತಬಸ್ಸುಮಳ ವಿದ್ಯಾರ್ಥಿಗಳು ಹಳದಿ ಬಣ್ಣದ ಅಣು ಬರೆಯಲು ಕೂತಿದ್ದಾರೆ.