ಫ್ಲೈಓವರ್ ಏರದ ಪಿಕಪ್

ನಮ್ಮ ಪಿಕಪ್ ಬಾಂದ್ರಾದ ಫ್ಲೈಓವರ್ ಏರಲು ಸೋಲತೊಡಗಿದ್ದು ಮಾರ್ಚ್ ತಿಂಗಳಲ್ಲಿ. ಏರುತ್ತಲೇ ಇರಲಿಲ್ಲ ಎಂದಲ್ಲ. ಎರಡನೇ ಗೇರಿನಲ್ಲಿ, ಹಿಂದಿದ್ದವರೆಲ್ಲರ ಹಾರ್ನ್ ಕೇಳಿಸಿಕೊಳ್ಳುತ್ತ ಏರುತ್ತಿತ್ತು. ಸೈಕಲ್ ಮೇಲೆ ಬ್ರೆಡ್ ಮಾರುವವನೊಬ್ಬ ತನ್ನನ್ನು ದಾಟಿ ಹೋದನೆಂದು ನಮ್ಮ ಡ್ರೈವರ್ ಒಂದು ದಿನ ವರದಿ ಮಾಡಿದ. ಏಪ್ರಿಲ್ ಬರುವ ಹೊತ್ತಿಗೆ ಇನ್ನೂ ನಿಧಾನವಾಯಿತು.

ಗಾಡಿ ನನ್ನ ಸೊಸೆಯದು. ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಅಂಗಡಿ ಹಿಡಿದು ಅವಳು ನಾಲ್ಕು ಜನ ಹೆಂಗಸರೊಂದಿಗೆ ಜೋಳದ ರೊಟ್ಟಿ ಮಾಡಿಸುತ್ತಾಳೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಾಂದ್ರಾ ಮತ್ತು ಸಾಂತಾಕ್ರೂಜ್‌ನ ಖಾನಾವಳಿಗಳಿಗೆ, ಆಫೀಸಿನ ಕ್ಯಾಂಟೀನುಗಳಿಗೆ ಊಟದ ಹೊತ್ತಿಗೆ ಮುಟ್ಟಬೇಕು. ಏಪ್ರಿಲಿನ ಒಂದು ವಾರ ಎರಡು ಸಲ ಮುಟ್ಟಲಿಲ್ಲ.

ಡ್ರೈವರ್ ವಿಜಯಪುರದ ಕಡೆಯ ಮುಸಲ್ಮಾನ, ಐವತ್ತರ ಆಸುಪಾಸಿನವನು, ಆರು ವರ್ಷದಿಂದ ನಮ್ಮಲ್ಲಿದ್ದ. ಗಾಡಿ ಹಳೆಯದು. ಎಂಜಿನ್ ಸೀಟಿನ ಕೆಳಗೇ ಇರುವ ಮಾದರಿ. ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ.

ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಪರೀಕ್ಷೆ ಮಾಡದೆ ಯಾವ ಬಸ್ಸನ್ನೂ ಗೇಟಿನಿಂದ ಹೊರಗೆ ಬಿಟ್ಟವನಲ್ಲ. ನಿವೃತ್ತಿಯಾದ ಮೇಲೆ ಬಸ್ಸುಗಳಿಲ್ಲದ್ದರಿಂದ ಪಿಕಪ್ಪನ್ನು ಪರೀಕ್ಷಿಸುತ್ತಿದ್ದೆ. ದಿನಾ ಬೆಳಿಗ್ಗೆ ಎಂಟಕ್ಕೆ, ಇಪ್ಪತ್ತೆರಡು ಅಂಶಗಳು, ಒಂದು ನೋಟ್‌ಬುಕ್ಕು. ಆಯಿಲ್, ನೀರು, ಟೈರು, ಬೆಲ್ಟು. ಕೊನೆಯ ಅಂಶ ಕ್ಯಾಬಿನ್ನಿನ ಸ್ವಚ್ಛತೆ. ಅನ್ನ ಒಯ್ಯುವ ಗಾಡಿಯಲ್ಲಿ ಚಪ್ಪಲಿ ಹಾಕಿಕೊಂಡು ಕೂರಬಾರದೆಂದು ಮೊದಲ ದಿನವೇ ನಿಯಮ ಮಾಡಿದ್ದೆ. ಚಪ್ಪಲಿ ಇಡಲು ಗಾಡಿಯ ಹೊರಬದಿಗೆ ಒಂದು ತಗಡಿನ ಡಬ್ಬಿ ಬೆಸುಗೆ ಹಾಕಿಸಿದ್ದೆ. ಡ್ರೈವರ್ ಒಂದು ದಿನವೂ ನಿಯಮ ಮುರಿಯಲಿಲ್ಲ.

ಎಂಜಿನ್ ಶಕ್ತಿ ಕಳೆದುಕೊಂಡರೆ ನೋಡುವ ಕ್ರಮ ಒಂದಿದೆ. ಮೊದಲು ಗಾಳಿ, ಆಮೇಲೆ ಡೀಸೆಲ್, ಆಮೇಲೆ ಹೊಗೆ ಹೋಗುವ ದಾರಿ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ, ಸ್ವಚ್ಛವಾಗಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದೆವು, ಟ್ಯಾಂಕಿನ ತಳದ ನೀರು ಇಳಿಸಿದೆವು. ಸೈಲೆನ್ಸರ್ ಬಿಚ್ಚಿ ಬಡಿದೆವು; ಒಳಗಿಂದ ತುಕ್ಕು ಬಿತ್ತು, ಬೇರೇನೂ ಬೀಳಲಿಲ್ಲ. ಬ್ರೇಕ್ ಹಿಡಿದುಕೊಂಡಿದೆಯೋ ಎಂದು ಚಕ್ರ ಎತ್ತಿ ತಿರುಗಿಸಿದೆವು. ಸಲೀಸಾಗಿ ತಿರುಗಿತು. ಫ್ಲೈಓವರ್ ಮಾತ್ರ ಮೊದಲಿನಷ್ಟೇ ಎತ್ತರವಿತ್ತು.

ಮೆಕ್ಯಾನಿಕ್ ಬಂದು ಸೀಟು ಎತ್ತಿ, ಡೀಸೆಲ್ ಪಂಪಿನ ಲಿವರನ್ನು ಕೈಯಿಂದ ಪೂರಾ ಎಳೆದ. ಎಂಜಿನ್ ಇಡೀ ಬಿಲ್ಡಿಂಗಿಗೆ ಕೇಳುವಂತೆ ಗರ್ಜಿಸಿತು. ನಿಂತಾಗ ಇಷ್ಟು ಚೆನ್ನಾಗಿ ಓಡುವುದು ಭಾರ ಬಿದ್ದಾಗ ಸೋಲುತ್ತದೆಂದರೆ ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಪೂರ್ತಿ ಬಿಚ್ಚಬೇಕು, ಈ ಗಾಡಿಗೆ ಅಷ್ಟು ಮಾಡುವುದು ದಂಡ ಎಂದ.

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. “ಶನಿವಾರ ಸಂಜೀಕ ಗುಜರಿಯವ ಬರ್ತಾನ್ರಿ ಮಾವಾರ. ಅಷ್ಟರೊಳಗ ಏನರ ಮಾಡೂದಿದ್ರ ಮಾಡ್ರಿ,” ಎಂದಳು. ಆಮೇಲೆ ಬಾಡಿಗೆಯ ಟೆಂಪೊ ತರಿಸುವುದೆಂದು ಅವಳ ತೀರ್ಮಾನ. ಬಾಡಿಗೆಯ ಟೆಂಪೊ ತನ್ನ ಡ್ರೈವರನನ್ನು ಕರೆದುಕೊಂಡೇ ಬರುತ್ತದೆ. ನಮ್ಮವನು ಅಲ್ಲೇ ನಿಂತಿದ್ದ. ಐವತ್ತು ದಾಟುತ್ತಿರುವ ಡ್ರೈವರನಿಗೆ ಈ ಊರಿನಲ್ಲಿ ಇನ್ನೊಂದು ಗಾಡಿ ಯಾರೂ ಕೊಡುವುದಿಲ್ಲ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಶುಕ್ರವಾರ ನೋಟ್‌ಬುಕ್ ತಿರುವಿದೆ. ರಿಂಗ್ ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ. ನಮ್ಮದು ಆರು ತಿಂಗಳಿಂದ ಅಳತೆಕಡ್ಡಿಯ ಮೇಲೆ ಒಂದು ಗೆರೆಯೂ ಇಳಿದಿರಲಿಲ್ಲ. ಹಾಗಾದರೆ ಮೆಕ್ಯಾನಿಕ್ ಹೇಳಿದ್ದು ತಪ್ಪು. ಗಾಡಿ ರಸ್ತೆಯಲ್ಲಿ ಹೇಗೆ ನಡೆಯುತ್ತದೆಂದು ನೋಡಬೇಕು ಎನಿಸಿತು. ಆರು ವರ್ಷದಲ್ಲಿ ನಾನು ಅದನ್ನು ನಿಂತಲ್ಲೇ ನೋಡಿದ್ದೆ. ಒಂದು ಸಲವೂ ಒಳಗೆ ಕೂತು ಹೋಗಿರಲಿಲ್ಲ.

ಶನಿವಾರ ಬೆಳಿಗ್ಗೆ ರೊಟ್ಟಿ ತುಂಬಿಸಿ, ಚಪ್ಪಲಿ ಡಬ್ಬಿಯಲ್ಲಿಟ್ಟು, ಡ್ರೈವರನ ಪಕ್ಕ ಕೂತೆ. ಧಾರಾವಿ ದಾಟುವಾಗ ಪಾದ ಬೆಚ್ಚಗಾಯಿತು. ಬಾಂದ್ರಾದ ಫ್ಲೈಓವರಿಗೆ ಬರುವ ಹೊತ್ತಿಗೆ ಎರಡೂ ಕಾಲು ನೆಲದಿಂದ ಎತ್ತಿ ಹಿಡಿದಿದ್ದೆ. ಕೆಳಗೆ ಬರೀ ತಗಡು, ಅದರ ಪಕ್ಕದಲ್ಲೇ ಎಂಜಿನ್.

ಏರಿನಲ್ಲಿ ಗಾಡಿ ಕುಗ್ಗಿತು. “ಇನ್ನಷ್ಟು ಒತ್ತಪಾ,” ಎಂದೆ.

“ಪೂರಾ ಒತ್ತೀನ್ರಿ ಸಾಹೇಬ್ರ. ಇನ್ನ ಒತ್ತಿದ್ರ ಕಾಲು ರಸ್ತೆಕ್ಕ ಹತ್ತತೈತಿ.”

ಬಗ್ಗಿ ನೋಡಿದೆ. ಆಕ್ಸಿಲರೇಟರ್ ಪೆಡಲ್ ತಳ ಮುಟ್ಟಿತ್ತು. ಆದರೆ ಆ ತಳ ಗಾಡಿಯ ತಳವಾಗಿರಲಿಲ್ಲ. ಫ್ಲೈಓವರ್ ಇಳಿದು ಬದಿಗೆ ನಿಲ್ಲಿಸಲು ಹೇಳಿದೆ. ಅವನ ಕಾಲ ಕೆಳಗಿನಿಂದ ಮೊದಲು ಒಂದು ರಬ್ಬರ್ ಮ್ಯಾಟ್ ಬಂತು. ಅದರ ಕೆಳಗೆ ನಾರಿನ ಕಾಲೊರಸು, ಅದರ ಕೆಳಗೆ ಜಮಖಾನದ ತುಂಡು, ಅದರ ಕೆಳಗೆ ಮಡಚಿದ ಎರಡು ಗೋಣಿಚೀಲ. ಎಲ್ಲವೂ ಶುಭ್ರವಾಗಿ ಒಗೆದವು. ಪ್ರತಿದಿನ ಅವುಗಳ ಮೇಲ್ಪದರವನ್ನು ನೋಡಿಯೇ ನಾನು ನೋಟ್‌ಬುಕ್ಕಿನಲ್ಲಿ ‘ಸ್ವಚ್ಛ’ ಎಂದು ಬರೆದಿದ್ದೆ.

“ಇದೇನೋ ಇದು?”

“ಕಾಲು ಸುಡ್ತಾವ್ರಿ. ಬ್ಯಾಸಿಗಿ ಏರಿದಂಗ ಒಂದೊಂದ ಹಾಸ್ತೀನಿ. ಈ ವರ್ಷ ಬಿಸಲ ಭಾಳ.”

“ಮೊದಲ ಹೇಳಾಕ ಏನಾಗಿತ್ತು?”

“ಅನ್ನದ ಗಾಡಿ ಅಂದ್ರಿ ನೀವು. ಅದರ ಮ್ಯಾಲ ನಾ ಏನ ಹೇಳ್ಲಿ?”

ಎಲ್ಲ ತೆಗೆದ ಮೇಲೆ ಪೆಡಲ್ ಮೂರು ಬೆರಳಿನಷ್ಟು ಹೆಚ್ಚು ಕೆಳಗಿಳಿಯಿತು. ಆ ಪೆಡಲ್ ಎಳೆಯುವ ಲಿವರನ್ನೇ ಮೆಕ್ಯಾನಿಕ್ ಅಂದು ಕೈಯಿಂದ ಎಳೆದಿದ್ದ, ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಇಬ್ಬರೂ ಪೆಡಲನ್ನು ಕಾಲಿನಿಂದ ಒತ್ತಿ ನೋಡಿರಲಿಲ್ಲ. ಡಬ್ಬಿಯಿಂದ ಚಪ್ಪಲಿ ತಂದು ಹಾಕಿಕೊಳ್ಳಲು ಅವನಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ನಾನೂ ಹಾಕಿಕೊಂಡೆ. ಸಾಂತಾಕ್ರೂಜ್ ಕಡೆಯ ಮುಂದಿನ ಫ್ಲೈಓವರನ್ನು ಗಾಡಿ ತುಂಬಿದ ಭಾರದೊಂದಿಗೆ ಮೂರನೇ ಗೇರಿನಲ್ಲಿ ಏರಿತು. ರೊಟ್ಟಿ ಹೊತ್ತಿಗೆ ಮುಟ್ಟಿದವು.

ಮಧ್ಯಾಹ್ನ ಮರಳಿ ಬಂದು ಸೊಸೆಗೆ ಗಾಡಿ ಸರಿಯಾಯಿತು ಎಂದೆ. ಏನಾಗಿತ್ತು ಎಂದು ಕೇಳಿದಳು. ಡ್ರೈವರ್ ಮ್ಯಾಟುಗಳ ಕಟ್ಟನ್ನು ಅವಳ ಮುಂದಿಟ್ಟು, “ನಾನ ಹಾಸಿದ್ದೆ ಅಕ್ಕಾರ. ತಪ್ಪಾತು,” ಎಂದ.

ಅವಳು ಕಟ್ಟು ನೋಡಿದಳು, ಅವನನ್ನು ನೋಡಿದಳು. ತಿಂಗಳೊಪ್ಪತ್ತಿನ ತಕರಾರು, ತಪ್ಪಿಹೋದ ಎರಡು ಊಟದ ಹೊತ್ತು, ಎಲ್ಲ ಆ ನೋಟದಲ್ಲಿತ್ತು. ಗಾಡಿ ಉಳಿದು ಡ್ರೈವರ್ ಹೋಗುವ ಲಕ್ಷಣ ಕಂಡಿತು.

“ಮ್ಯಾಟ್ ಹಾಸಿದಾವ ಅವ,” ಎಂದೆ. “ಚಪ್ಪಲಿ ಬಿಚ್ಚಿಸಿದಾವ ನಾ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಸೊಸೆ ಫೋನ್ ತೆಗೆದು ಗುಜರಿಯವನಿಗೆ ಬರುವುದು ಬೇಡವೆಂದು ಹಿಂದಿಯಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ನಾಳಿಂದ ಗಾಡಿ ನೋಡೂದು ಭಾಯಿ ಒಬ್ರ ಸಾಕ್ರಿ ಮಾವಾರ,” ಎಂದಳು. ದನಿ ಎತ್ತಲಿಲ್ಲ. ನಾನು ಡಿಪೋದಲ್ಲಿ ಜನರನ್ನು ಬೇರೆ ಕೆಲಸಕ್ಕೆ ಹಾಕುವಾಗಲೂ ಹೀಗೇ ಹೇಳುತ್ತಿದ್ದೆ. ನೋಟ್‌ಬುಕ್ಕನ್ನು ಡ್ರೈವರನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ.

ಮರುದಿನ ಎಂಟಕ್ಕೆ ಕೆಳಗಿಳಿದೆ, ಪೇಪರು ತರಲು. ಅವನು ದಪ್ಪ ತಳದ ಬೂಟು ಹಾಕಿಕೊಂಡು, ಪೆನ್ನು ಹಿಡಿದು, ಟೈರಿನ ಪಕ್ಕ ಕೂತಿದ್ದ. ಇಪ್ಪತ್ತೆರಡೂ ಮುಗಿಸಿ ಎದ್ದು ನಿಂತು, “ಹೊಂಡ್ಲಿಕ್ಕೆ ಅಡ್ಡಿಲ್ಲಲ್ರಿ?” ಎಂದು ಕೇಳಿದ. ಹೇಳುವ ಅಧಿಕಾರ ನನಗೆ ಉಳಿದಿರಲಿಲ್ಲ. ಹೊರಡಲು ಹೇಳಿದೆ.