ಸೋಮವಾರ ಎಣಿಸಿದ ಗಾಡಿಗಳು

ನನ್ನ ಅತ್ತಿಗೆ ಚಿಕ್ಕಗಂಗಮ್ಮನ ಹಟ ಎಂಥದ್ದೆಂದು ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ. ತಿಪಟೂರಿಗೂ ಬಾಣಸಂದ್ರಕ್ಕೂ ನಡುವೆ ರೈಲುಹಳಿ ನಮ್ಮೂರ ದಾರಿಗೆ ಅಡ್ಡ ಹಾಯುತ್ತದೆ. ಆಗ ಅಲ್ಲಿ ಗೇಟೂ ಇರಲಿಲ್ಲ, ಕಾಯುವವನೂ ಇರಲಿಲ್ಲ. ಎಂಬತ್ತೊಂದರಲ್ಲಿ ನಮ್ಮಣ್ಣ ಬೋರಯ್ಯ ಗಾಡಿಗೆ ಕೊಬ್ಬರಿ ಹೇರಿಕೊಂಡು ಹೊರಟವನು, ತೆಂಗಿನ ತೋಟದ ಮರೆಯಿಂದ ಬಂದ ರೈಲಿಗೆ ಸಿಕ್ಕು ಸತ್ತ.

ತಿಥಿ ಮುಗಿದ ವಾರವೇ ಅತ್ತಿಗೆ ಅರ್ಜಿ ಹಿಡಿದು ತಿಪಟೂರಿನ ರೈಲ್ವೆ ಆಫೀಸಿಗೆ ಹೋದಳು. ಗೇಟು ಹಾಕಿಸುವ ಹೊಸ ಯೋಜನೆ ಇದೆ, ಗಾಡಿಗಳು ಹೆಚ್ಚು ದಾಟುವ ಕಡೆಗೆ ಮೊದಲು ಎಂದರು. ಎಣಿಸುವವರು ಬಂದೂ ಬಂದರು. ಆದರೆ ಬಂದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಬಸವನ ದಿನ, ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಾವು ಮಹಾ ಬುದ್ಧಿವಂತರು, ಎತ್ತುಗಳ ಮೈ ತೊಳೆದು ಕಟ್ಟಿ, ಬಿಸಿಲಲ್ಲಿ ಕೂತ ಗುಮಾಸ್ತನನ್ನು ನೋಡಿ ನಗುತ್ತಿದ್ದೆವು. ಸಂಜೆಯವರೆಗೆ ದಾಟಿದ್ದು ಒಂದು ಸ್ಕೂಟರು, ಎರಡು ಸೈಕಲ್ಲು. ಗೇಟಿನ ಅಗತ್ಯವಿಲ್ಲವೆಂದು ಕಾಗದ ಬಂತು.

ಅತ್ತಿಗೆ ನಮ್ಮನ್ನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹತ್ತು ತಿಂಗಳು ಆಫೀಸಿಗೆ ಅಲೆದು, ಬಾಗಿಲಲ್ಲಿ ಕೂತು, ಮತ್ತೊಮ್ಮೆ ಎಣಿಸುವ ಆದೇಶ ತಂದಳು. ದಿನ ನೋಡಿದರೆ ಅದೂ ಸೋಮವಾರ! ಬದಲಾಯಿಸಿ ಎಂದರೆ ಆಗುವುದಿಲ್ಲ ಎಂದುಬಿಟ್ಟರು.

"ಎತ್ತು ಕಟ್ಟಾಕಾಗಾಕಿಲ್ಲ ಕಣವ್ವ, ನಮ್ಮಪ್ಪ ತಾತ ಕಟ್ಟಿಲ್ಲ" ಎಂದ ಊರ ಯಜಮಾನ ಹುಚ್ಚರಂಗಯ್ಯ.

"ಕಟ್‌ಬ್ಯಾಡಿ ಬುಡಿ. ರಜಾ ಇರಾದು ಎತ್ತಿಗೆ, ನಿಮಗಲ್ಲ" ಎಂದಳು ಅತ್ತಿಗೆ.

ಸೋಮವಾರ ಬೆಳಿಗ್ಗೆ ನನ್ನ ಗಾಡಿಯ ನೊಗಕ್ಕೆ ತಾನೇ ಹೆಗಲು ಕೊಟ್ಟು ನಿಂತಳು. ನನಗೆ ನಾಚಿಕೆಯಾಗಿ ಇನ್ನೊಂದು ಬದಿಗೆ ನಾನು ಹೆಗಲು ಕೊಟ್ಟೆ. ನಮ್ಮನ್ನು ನೋಡಿ ಇನ್ನೊಂದು ಗಾಡಿ ಹೊರಟಿತು, ಅದರ ಹಿಂದೆ ಮತ್ತೊಂದು. ಹುಚ್ಚರಂಗಯ್ಯನೂ ಪಂಚೆ ಎತ್ತಿಕಟ್ಟಿ, ಏದುಸಿರು ಬಿಡುತ್ತ ಎಳೆಯುತ್ತಿದ್ದ.

ಗುಮಾಸ್ತ ಪೆನ್ನು ಮುಚ್ಚಿಬಿಟ್ಟ. "ಎತ್ತಿಲ್ಲದ್ದನ್ನ ಗಾಡಿ ಅಂತ ಬರೆಯೋಕಾಗಲ್ಲಮ್ಮ" ಎಂದ.

ಅತ್ತಿಗೆ ಗಾಡಿಯನ್ನು ಹಳಿಯ ಮೇಲೇ ನಿಲ್ಲಿಸಿದಳು. ರೈಲಿಗೆ ಇನ್ನು ಕಾಲು ಗಂಟೆಯಿತ್ತು.

"ಎತ್ತು ಐತಾ ಇಲ್ವಾ ಅಂತ ರೈಲು ಕೇಳಿ ಗುದ್ದತದಾ ಸ್ವಾಮಿ? ಬರ್ಕಳಿ. ಬರ್ದ ಮ್ಯಾಕೆ ಎಳೀತೀನಿ."

ಅವನು ಹಳಿಯುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ಬರೆದುಕೊಂಡ. ಹಿಂದಿನ ಗಾಡಿಗಳನ್ನೂ ಬರೆದುಕೊಂಡ.

ಮರುವರ್ಷ ಗೇಟು ಬಂತು. ಮೊದಲ ದಿನ ಅದನ್ನು ಹಾಕಿ ನಮ್ಮನ್ನು ನಿಲ್ಲಿಸಿದಾಗ, "ಎಷ್ಟೊತ್ತು ಕಾಯಾದಪ್ಪ" ಎಂದು ಗೊಣಗಿದವನು ನಾನೇ. ಪಕ್ಕದಲ್ಲಿದ್ದ ಅತ್ತಿಗೆ ತಿರುಗಿ ನನ್ನ ಮುಖ ನೋಡಿದಳು. ರೈಲು ಪೂರ್ತಿ ಹೋಗುವವರೆಗೆ ನಾನು ತಲೆ ಎತ್ತಲಿಲ್ಲ.